ಕಿಲುಬು

ಹಿತ್ತಾಳೆ ಕೊಳಗಕ್ಕೆ ತುಕ್ಕು ಹಿಡಿದಿದೆ ಎಂದು ಹಳೆಯ ಮನೆಗಳಲ್ಲಿ ಯಾರೂ ಹೇಳುತ್ತಿರಲಿಲ್ಲ. ಗುದ್ದಲಿಗೆ ಕಿಲುಬು ಬಂದಿದೆ ಎಂದೂ ಹೇಳುತ್ತಿರಲಿಲ್ಲ. ತಾಮ್ರ, ಹಿತ್ತಾಳೆ, ಕಂಚು ಇವುಗಳಿಗೆ ಬರುವುದು ಕಿಲುಬು. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ಒಂದು ಹಸಿರು, ಇನ್ನೊಂದು ಕೆಂಗಂದು. ಒಂದು ಪಾತ್ರೆಯ ಮೈಮೇಲೆ ಕೂತು ಹುಣಿಸೆಹಣ್ಣಿಗೆ ಬಿಟ್ಟುಕೊಡುತ್ತದೆ, ಇನ್ನೊಂದು ಒಳಕ್ಕಿಳಿದು ತೂತು ಮಾಡುತ್ತದೆ. ಯಾವ ಲೋಹ ಹೇಗೆ ಕೆಡುತ್ತದೆ ಎಂಬುದನ್ನು ತಲೆಮಾರುಗಳ ಕಾಲ ಕಣ್ಣಿಟ್ಟು ನೋಡಿದವರು ಕಟ್ಟಿಕೊಂಡ ಎರಡು ಮಾತುಗಳಿವು.

ಈ ಗಡಿ ಈಗ ಅಳಿಸುತ್ತಿದೆ, ಹೆಚ್ಚಾಗಿ ಕಿವಿಗೆ ಬೀಳುವುದು ತುಕ್ಕು ಒಂದೇ. ಮಾಲೂರಿನಲ್ಲಿ ಗೀಸರ್ ತೊಟ್ಟಿಕ್ಕತೊಡಗಿದಾಗ ಬಚ್ಚಲುಮನೆಯ ಬಾಗಿಲಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ. “ಏನಾಗೈತಣ್ಣಾ?” “ಟ್ಯಾಂಕನ್ನ ತುಕ್ಕು ತಿಂದ್ಬಿಟ್ಟೈತಕ್ಕಾ, ಹೊಸದೇ ಹಾಕ್ಬೇಕು.” ಟ್ಯಾಂಕಿನೊಳಗೆ ಇದ್ದ ಆನೋಡ್ ರಾಡಿನ ಮಾತು ಎತ್ತುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಆ ರಾಡು ಅಲ್ಲಿ ಏಕಿದೆ, ಅದನ್ನು ಬದಲಿಸದಿದ್ದರೆ ಟ್ಯಾಂಕು ಏಕೆ ಹೋಗುತ್ತದೆ ಎಂಬುದನ್ನು ತಿಳಿಯಲು ಕಿಲುಬು ಎಂಬ ಹಳೆಯ ಮಾತಿನ ಬೆನ್ನು ಹತ್ತುವುದೇ ಒಳ್ಳೆಯ ದಾರಿ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

ಪದಗಳ ಬೆನ್ನು ಹತ್ತುವವರಿಗೆ ಮಾಲೂರು ಹೇಳಿ ಮಾಡಿಸಿದ ಊರು. ತಾಲ್ಲೂಕಿನ ತೆಂಕಣ ಗಡಿ ದಾಟಿದರೆ ಹೊಸೂರಿನ ತಮಿಳು. ಪೇಟೆಯಲ್ಲಿ ಕನ್ನಡದಷ್ಟೇ ಸಲೀಸಾಗಿ ತೆಲುಗು. ಗುಜರಿ ಅಂಗಡಿಯಲ್ಲಿ, ವೆಲ್ಡಿಂಗ್ ಶೆಡ್ಡಿನಲ್ಲಿ ಉರ್ದು. ಮನೆಯಲ್ಲಿ ತಮಿಳಾಡುತ್ತ ಕನ್ನಡದ ಸಣ್ಣಕತೆಯನ್ನು ಕಟ್ಟಿ ನಿಲ್ಲಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮಾಸ್ತಿ ಇರುವುದು ಇದೇ ತಾಲ್ಲೂಕಿನಲ್ಲಿ. ಇಲ್ಲಿ ಕಬ್ಬಿಣಕ್ಕೆ ಹಿಡಿಯುವುದು ಒಂದೇ ಬೀದಿಯಲ್ಲಿ ತುಕ್ಕು, ತುಪ್ಪು, ತುರು, ಜಂಗ್ ಎಂದು ನಾಲ್ಕು ಹೆಸರಲ್ಲಿ ಕೇಳಿಸುತ್ತದೆ. ತೆಲುಗಿನ ತುಪ್ಪು ಹಿಂದೆ ತ್ರುಪ್ಪು ಆಗಿತ್ತು. ಅದರ ಪಕ್ಕಕ್ಕೆ ತಮಿಳಿನ ತುರು, ಮಲಯಾಳದ ತುರುಂಬು ಇಟ್ಟು ನೋಡಿದರೆ ನಮ್ಮ ತುಕ್ಕೂ ಇದೇ ಮನೆತನದ್ದೆಂದು ಕಾಣುತ್ತದೆ. ಜಂಗ್ ಮಾತ್ರ ಫಾರಸಿಯಿಂದ ಬಂದದ್ದು. ಉತ್ತರ ಕರ್ನಾಟಕದಲ್ಲಿ ಅದು ಕನ್ನಡದೊಳಕ್ಕೇ ಸೇರಿ ಜಂಗು ಆಗಿದೆ.

ಕಿಲುಬಿನ ತೆಲುಗು ರೂಪ ಚಿಲುಮು. ಎರಡೂ ಬೇರೆ ಬೇರೆ ಎಂದು ಕಿವಿಗೆ ಅನಿಸಬಹುದು, ಆದರೆ ಇವೆರಡರ ನಡುವೆ ಒಂದು ಗಟ್ಟಿ ನಿಯಮವಿದೆ. ಕನ್ನಡದ ಕಿವಿ ತೆಲುಗಿನಲ್ಲಿ ಚೆವಿ. ಕೆರೆ ಅಲ್ಲಿ ಚೆರುವು, ಕಿರು ಚಿರು, ಕೆಡು ಚೆಡು. ಇ, ಎ ಸ್ವರಗಳ ಜೊತೆಗಿದ್ದ ಮೂಲದ ಕಕಾರ ತೆಲುಗಿನಲ್ಲಿ ಚಕಾರವಾಯಿತು. ಕನ್ನಡ ಹಳೆಯ ಕಕಾರವನ್ನೇ ಉಳಿಸಿಕೊಂಡಿತು. ಹಾಗಾಗಿ ಕಿಲುಬು, ಚಿಲುಮು ಒಡಹುಟ್ಟಿದವು. ಕನ್ನಡ ತೆಲುಗುಗಳು ಬೇರೆಯಾಗುವ ಮುಂಚೆಯೇ ಈ ನೆಲದವರ ಕೈಯಲ್ಲಿ ತಾಮ್ರವಿತ್ತು, ಅದರ ಮೈಯ ಹಸಿರನ್ನು ಕರೆಯಲು ಮಾತೂ ಇತ್ತು ಎಂದು ಊಹಿಸಲು ಇಂಥ ಜೋಡಿಗಳೇ ಆಧಾರ. ತಮಿಳಿನ ಕಳಿಂಬು ಕೂಡ ಇದೇ ಹಸಿರಿನ ಹೆಸರು. ಅದರ ಬಾಲ ಎಲುಂಬು, ಎಲುಬು ಜೋಡಿಯ ಹಾಗೆ ನಮ್ಮ ಪದಕ್ಕೆ ಸರಿಯಾಗಿ ಕೂಡುತ್ತದೆ. ತಲೆಯ ಸ್ವರವೂ ನಡುವಿನ ಳಕಾರವೂ ಕೂಡುವುದಿಲ್ಲ. ಆದ್ದರಿಂದ ಅದನ್ನು ಒಡಹುಟ್ಟು ಎನ್ನದೆ ನೆರೆಯ ಪದ ಎನ್ನುವುದೇ ಮೇಲು. ಅದರ ಮುಂದಿನ ಬಾಳು ಮಾತ್ರ ಸೊಗಸಾದದ್ದು. ಇವತ್ತಿನ ತಮಿಳಿನಲ್ಲಿ ಕಳಿಂಬು ಎಂದರೆ ಗಾಯಕ್ಕೆ ಹಚ್ಚುವ ಮುಲಾಮೂ ಹೌದು. ಪಾತ್ರೆಯಲ್ಲಿ ವಿಷವಾದದ್ದು ಹುಣ್ಣಿನ ಮೇಲೆ ಮದ್ದಿನ ಹೆಸರಾಯಿತು.

ಇದೇ ಕಳಿಂಬನ್ನು ಶೈವ ಸಿದ್ಧಾಂತಿಗಳು ಆತ್ಮದ ಮಾತಿಗೂ ಎಳೆದುಕೊಂಡರು. ತಿರುಮೂಲರ ತಿರುಮಂತಿರಂನಲ್ಲಿ ಶಿವ ಕಳಿಂಬನ್ನು ಕಳೆಯುವವನು. ಆಣವ ಮಲ, ಎಂದರೆ ‘ನಾನು’ ಎಂಬ ಕೊಳೆ, ಜೀವಕ್ಕೆ ಎಲ್ಲಿಂದ ಅಂಟಿತು ಎಂದು ಕೇಳಿದರೆ ಅವರು ತಾಮ್ರವನ್ನು ತೋರಿಸುತ್ತಾರೆ: ಹೊರಗಿನಿಂದ ಬಂದ ಕೊಳೆ ಅಲ್ಲ, ಲೋಹದ ಜೊತೆಗೇ ಇರುವಂಥದ್ದು. ಇದರಲ್ಲಿ ತತ್ತ್ವದಷ್ಟೇ ಲೋಹದ ತಿಳಿವೂ ಇದೆ. ಕಿಲುಬು ತಾಮ್ರದ ಮೇಲೆ ಕೂತ ಬೇರೆ ವಸ್ತು ಅಲ್ಲ, ತಾಮ್ರವೇ ಗಾಳಿಯ ತೇವ, ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಕೂಡಿಕೊಂಡು ಹಸಿರು ಕಾರ್ಬೊನೇಟು ಆಗಿ ಬದಲಾದದ್ದು. ಹುಣಿಸೆಯ ಹುಳಿಯಲ್ಲಿರುವ ಟಾರ್ಟಾರಿಕ್ ಆಮ್ಲ ಅದನ್ನು ಕರಗಿಸುತ್ತದೆ, ಕೆಳಗಿನ ಕೆಂಪು ತಾಮ್ರ ಮತ್ತೆ ಹೊಳೆಯುತ್ತದೆ. ಪ್ರತಿಸಲ ತಿಕ್ಕಿದಾಗಲೂ ಪಾತ್ರೆಯ ಒಂದು ಎಳೆ ತಾಮ್ರ ನೀರಿನ ಜೊತೆ ಹೋಗುತ್ತದೆ. ಅಜ್ಜಿಯರ ಕಾಲದ ಚೆಂಬುಗಳು ತೆಳ್ಳಗಾದದ್ದು ಹೀಗೆ.

ಚೆಂಬು ಎಂಬ ಮಾತೂ ಇಲ್ಲಿ ಗಮನಿಸತಕ್ಕದ್ದು. ಅದರ ಮೊದಲ ಅರ್ಥ ತಾಮ್ರ, ಕೆಂಪು ಲೋಹ. ಪಾತ್ರೆ ಆಮೇಲೆ. ಈಗ ಸ್ಟೀಲಿನದಾದರೂ ಪ್ಲಾಸ್ಟಿಕ್ಕಿನದಾದರೂ ಚೆಂಬೇ. ಕಬ್ಬಿಣದ ಹಳೆಯ ರೂಪ ಕರ್ಬುನ, ಅದರೊಳಗಿರುವುದು ಕರಿಯ ಪೊನ್. ಬೆಲೆ ಬಾಳುವ ಲೋಹಗಳನ್ನೆಲ್ಲ ಪೊನ್ನಿನ ಬಣ್ಣಗಳಾಗಿ ಕಂಡ ಭಾಷೆ ಇದು. ಪೊನ್ನು ಹೊನ್ನಾಯಿತು. ಮಾಲೂರಿನ ಪಕ್ಕದ ಬಂಗಾರಪೇಟೆಯಾಚೆ, ಕೆಜಿಎಫ್‌ನಲ್ಲಿ, 1880ರ ದಶಕದಿಂದ 2001ರವರೆಗೆ ಅದನ್ನು ನೆಲದಾಳದಿಂದ ತೆಗೆದರು. ಹೊನ್ನಿಗೆ ಕಿಲುಬೂ ಇಲ್ಲ, ತುಕ್ಕೂ ಇಲ್ಲ.

ತಾಮ್ರದ ನಾಣ್ಯಕ್ಕೆ ಮಾತ್ರ ಕಿಲುಬು ತಪ್ಪಿದ್ದಲ್ಲ. “ಒಂದು ಕಿಲುಬು ಕಾಸೂ ಕೊಡಲ್ಲ” ಎನ್ನುವಾಗ ನಾವು ಹಿಡಿದಿರುವುದು ಬರಿ ಬೈಗುಳವಲ್ಲ, ಮೈಸೂರು ಸೀಮೆಯ ಹಳೆಯ ಹಣಕಾಸಿನ ಚೂರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯಗಳ ಮೇಲೆ ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದು ಅಚ್ಚಾಗಿದೆ, ಜೊತೆಗೆ ಬೆಲೆಯ ಅಂಕಿ. ವರಹ, ಹಣಗಳು ಚಿನ್ನದವು. ಎಷ್ಟು ದಿನ ಹೂತಿಟ್ಟರೂ ಹಾಗೇ ಇರುತ್ತಿದ್ದವು. ಬಡವರ ಸೆರಗಿನ ಗಂಟಿನಲ್ಲಿ ಇರುತ್ತಿದ್ದ ಕಾಸು ಬೆವರಿಗೆ, ತೇವಕ್ಕೆ ಹಸಿರಾಗುತ್ತಿತ್ತು. ಅದರಲ್ಲೂ ಕಿಲುಬು ಹಿಡಿದದ್ದನ್ನು ಕೂಡ ಕೊಡೆ ಎಂದರೆ ಎಷ್ಟು ಬಿಗಿ ಎಂಬುದು ಆ ಕಾಸನ್ನು ಕೈಯಲ್ಲಿ ಹಿಡಿದವರಿಗೆ ತಾನಾಗಿ ತಿಳಿಯುತ್ತಿತ್ತು. ಕಾಸು ಹೋಯಿತು, ಹಸಿರು ಹೋಯಿತು, ಮಾತು ಉಳಿಯಿತು.

ಅಡುಗೆಮನೆಯಲ್ಲಿ ಕಿಲುಬು ಹೆದರಿಕೆಯ ಮಾತು. ಹಿತ್ತಾಳೆ ಪಾತ್ರೆಯಲ್ಲಿ ಹುಳಿಯನ್ನೋ ಮಜ್ಜಿಗೆಯನ್ನೋ ಇಟ್ಟರೆ ಆಮ್ಲ ತಾಮ್ರವನ್ನು ಕರಗಿಸಿ ಕಿಲುಬೆದ್ದು, ತಿಂದವರಿಗೆ ವಾಂತಿಯಾಗುತ್ತಿತ್ತು. ಅದಕ್ಕೇ ಒಳಮೈಗೆ ಕಲಾಯಿ. ಈ ಕಲಾಯಿ ಎಂಬುದು ಅರಬ್ಬೀ ಪದ, ತವರಕ್ಕೆ ಅವರಿಟ್ಟ ಹೆಸರು. ಮಲಯಾ ಕರಾವಳಿಯ ಕಲಾ ಎಂಬ ಹಳೆಯ ತವರದ ಬಂದರಿನ ಹೆಸರು ಅದರಲ್ಲಿ ಉಳಿದಿದೆ ಎನ್ನುತ್ತಾರೆ. ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ತುಂಡನ್ನು ಮುಟ್ಟಿಸಿ ಹತ್ತಿಯಿಂದ ಒರೆಸಿದರೆ ಒಂದು ಉಸಿರಿನಲ್ಲಿ ಒಳಗೆಲ್ಲ ಬೆಳ್ಳಿಯ ಹೊಳಪು. ತವರ ಬರಿಯ ಹೊದಿಕೆಯಾಗಿದ್ದರೆ ಒಂದು ಗೀರು ಬಿದ್ದ ಕೂಡಲೇ ಕೆಲಸ ಕೆಡಬೇಕಿತ್ತು. ಹಾಗಾಗುವುದಿಲ್ಲ. ಗೀರಿನ ಜಾಗದಲ್ಲಿ ತಾಮ್ರಕ್ಕಿಂತ ಮೊದಲು ತವರ ಕರಗುತ್ತದೆ. ತಾಮ್ರದ ಪಾಲಿನ ಸವೆತವನ್ನು ತವರ ತನ್ನ ಮೇಲೆ ಹಾಕಿಕೊಳ್ಳುತ್ತದೆ. ಕಲಾಯಿ ಮಾಸಿತು, ಮತ್ತೆ ಹಾಕಿಸಬೇಕು ಎನ್ನುವ ಮಾತಿನಲ್ಲಿ ಗೀಸರಿನ ಆನೋಡ್ ರಾಡಿನ ತತ್ತ್ವ ಇಡಿಯಾಗಿ ಇದೆ. ಕಲಾಯಿಯವನು ಬೀದಿಯಲ್ಲಿ ಕೂಗಿ ಬರುತ್ತಿದ್ದ, ಆದ್ದರಿಂದ ಮರೆಯುತ್ತಿರಲಿಲ್ಲ.

ಒಂದು ಲೋಹ ಇನ್ನೊಂದಕ್ಕಾಗಿ ಕರಗುವುದೇಕೆ? ನೀರಿನಲ್ಲಿ ಎರಡು ಲೋಹಗಳು ಒಂದಕ್ಕೊಂದು ತಾಗಿಕೊಂಡಿದ್ದರೆ, ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುವುದು ಸವೆಯುತ್ತದೆ, ಇನ್ನೊಂದು ಉಳಿಯುತ್ತದೆ. ಇದಕ್ಕೆ ಅಳತೆಯಿದೆ. ಚಿನ್ನ +1.5 ವೋಲ್ಟಿನಲ್ಲಿ ಮೇಲೆ ಕೂತಿದೆ. ತಾಮ್ರ +0.34, ತವರ −0.14, ಕಬ್ಬಿಣ −0.44, ಸತು −0.76. ಇವೆಲ್ಲಕ್ಕಿಂತ ಕೆಳಗೆ, −2.37ರಲ್ಲಿ, ಮೆಗ್ನೀಸಿಯಂ. ಕೆಳಗಿರುವುದು ಮೇಲಿರುವುದನ್ನು ಕಾಯುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ದಿನವೂ ಕೇಳುವ ‘ಜಿಐ ಪೈಪು’ ಎಂಬ ಮಾತಿನ ಮೊದಲಕ್ಷರದೊಳಗೆ 1791ರಲ್ಲಿ ಕಪ್ಪೆಯ ಕಾಲಿನ ಪ್ರಯೋಗಗಳನ್ನು ಪ್ರಕಟಿಸಿದ ಬೊಲೋನ್ಯಾದ ವೈದ್ಯ ಲುಯಿಜಿ ಗಾಲ್ವಾನಿಯ ಹೆಸರಿದೆ. ಆ ಪೈಪಿನ ಮೇಲಿನ ಸತು ಕಬ್ಬಿಣಕ್ಕೋಸ್ಕರ ಸವೆಯುತ್ತದೆ. ಅದೇ ಜಿಐ ಪೈಪಿಗೆ ಹಿತ್ತಾಳೆಯ ಜೋಡಣೆ ತಿರುಗಿಸಿದರೆ ಆಟ ತಿರುಗುಮುರುಗು: ಹಿತ್ತಾಳೆ ಮೇಲಿನದು, ಕೂಡಿದ ಜಾಗದಲ್ಲಿ ಮೊದಲು ಸತುವೂ ಆಮೇಲೆ ಕಬ್ಬಿಣವೂ ಹೋಗುತ್ತವೆ.

ಇದರ ದೊಡ್ಡ ಪಾಠ ನಡೆದದ್ದು ನ್ಯೂಯಾರ್ಕ್ ಬಂದರಿನಲ್ಲಿ. 1886ರಲ್ಲಿ ನಿಂತ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಹೊರಮೈ ತಾಮ್ರದ ತಗಡು, ದಪ್ಪ ಸುಮಾರು 2.4 ಮಿಲಿಮೀಟರ್. ಒಳಗೆ ಅದನ್ನು ಹಿಡಿದಿದ್ದದ್ದು ಕಬ್ಬಿಣದ ಪಟ್ಟಿಗಳು. ಕೆಂಪಗಿದ್ದ ವಿಗ್ರಹಕ್ಕೆ ಕೆಲವು ದಶಕಗಳಲ್ಲಿ ಹಸಿರು ಕಿಲುಬು ಹಬ್ಬಿತು, ಅದು ಅಲ್ಲೇ ನಿಂತು ಕೆಳಗಿನ ತಾಮ್ರಕ್ಕೆ ರಕ್ಷೆಯಾಯಿತು; ಇವತ್ತಿಗೂ ತಗಡು ಚೆನ್ನಾಗಿದೆ. ಹಾಳಾದದ್ದು ಒಳಗಿನ ಕಬ್ಬಿಣ. ಎರಡು ಲೋಹಗಳ ನಡುವೆ ಇಟ್ಟಿದ್ದ ತಡೆ ಸವೆದು, ನೀರು ಸೇರಿ, ತಾಮ್ರದ ಪಾಲಿನದನ್ನೂ ಕಬ್ಬಿಣವೇ ತೆತ್ತಿತು. 1986ಕ್ಕೆ ಮುಗಿದ ದುರಸ್ತಿಯಲ್ಲಿ ಆ ಪಟ್ಟಿಗಳನ್ನೆಲ್ಲ ತೆಗೆದು ಸ್ಟೇನ್‌ಲೆಸ್ ಸ್ಟೀಲಿನವನ್ನು ಹಾಕಿದರು. ಕಿಲುಬು ಕಾಯುತ್ತದೆ, ತುಕ್ಕು ತಿನ್ನುತ್ತದೆ. ನಮ್ಮ ಎರಡು ಪದಗಳ ಅಂತರ ಇಷ್ಟು ಆಳದ್ದು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಲೋಹದ ಮೂರ್ತಿ ಎರೆಯುವ ಶಿಲ್ಪಿಗಳಿಗೆ ಈ ಅಂತರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತಾಮ್ರ ಹೆಚ್ಚಿರುವ ಪಂಚಲೋಹದ ವಿಗ್ರಹ ಕಿಲುಬಿನೊಳಗೆ ಶತಮಾನಗಟ್ಟಲೆ ಉಳಿದುಕೊಳ್ಳುತ್ತದೆ.

ಕಿಲುಬನ್ನು ಬೇಕೆಂದೇ ನಿಲ್ಲಿಸಹೊರಟವರು ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ. ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳಕ್ಕೆ ಹೊಡೆದ ತಾಮ್ರದ ತಗಡು ಸಮುದ್ರದ ನೀರಿನಲ್ಲಿ ಕರಗುತ್ತಿತ್ತು. ತಾಮ್ರಕ್ಕೆ ಕಬ್ಬಿಣ ಅಥವಾ ಸತುವಿನ ತುಂಡುಗಳನ್ನು ತಾಗಿಸಿದರೆ ತಾಮ್ರ ಉಳಿಯುತ್ತದೆ ಎಂದು ಅವರು 1824ರಲ್ಲಿ ತೋರಿಸಿದರು. ಅದನ್ನು ಅಳವಡಿಸಿದ ಹಡಗುಗಳಲ್ಲಿ ಒಂದಾದ ಸಮರಾಂಗ್ ನಮ್ಮ ಕೊಚ್ಚಿಯಲ್ಲೇ ತೇಗದಿಂದ ಕಟ್ಟಿದ್ದು. ತಾಮ್ರ ಉಳಿದದ್ದು ನಿಜ. ಆದರೆ ಹಡಗಿನ ತಳಕ್ಕೆ ಪಾಚಿ, ಚಿಪ್ಪುಹುಳ ಮುತ್ತಿಕೊಂಡು ಹಡಗು ನಿಧಾನವಾಯಿತು. ಕರಗುವ ತಾಮ್ರದ ವಿಷವೇ ಅವುಗಳನ್ನು ದೂರ ಇಟ್ಟಿತ್ತು! ರಕ್ಷಣೆಯ ತುಂಡುಗಳನ್ನು ತೆಗೆಯಬೇಕಾಯಿತು.  ಡೇವಿಯ ಪ್ರಯೋಗ ಅಲ್ಲಿ ಸೋತರೂ ತತ್ತ್ವ ಬದುಕಿತು. ಇವತ್ತಿನ ಗೀಸರಿನೊಳಗಿನ ರಾಡು ಅದರ ನೇರ ಸಂತಾನ.

ಆ ಕೆಲಸದಲ್ಲಿ ಡೇವಿಗೆ ನೆರವಾಗಿದ್ದ ಮೈಕೆಲ್ ಫ್ಯಾರಡೆ ಹತ್ತು ವರ್ಷದ ಮೇಲೆ, 1834ರಲ್ಲಿ, ‘ಆನೋಡ್’ ಎಂಬ ಹೆಸರನ್ನು ಬಳಕೆಗೆ ತಂದರು. ಕೇಂಬ್ರಿಜ್ಜಿನ ವಿದ್ವಾಂಸ ವಿಲಿಯಂ ಹ್ಯೂವೆಲ್ ಗ್ರೀಕಿನಿಂದ ಕಟ್ಟಿಕೊಟ್ಟ ಪದ ಅದು: ಮೇಲೇರುವ ದಾರಿ. ವಿದ್ಯುತ್ತು ಸೂರ್ಯನ ಹಾಗೆ ಮೂಡಣದಿಂದ ಪಡುವಣಕ್ಕೆ ಹರಿಯುತ್ತದೆ ಎಂದು ಇಟ್ಟುಕೊಂಡರೆ, ಅದು ಮೂಡುವ ಕಡೆ ಆನೋಡ್, ಮುಳುಗುವ ಕಡೆ ಕ್ಯಾಥೋಡ್. ಧನ, ಋಣ ಎಂಬ ಚಿಹ್ನೆಗಳಿಗೆ ಕಟ್ಟುಬೀಳದ ಹೆಸರು ಬೇಕೆಂದೇ ಫ್ಯಾರಡೆ ಇಷ್ಟು ಶ್ರಮಪಟ್ಟರು. ನಮ್ಮ ಪಠ್ಯಪುಸ್ತಕಗಳು ಅದನ್ನು ‘ಧನಾಗ್ರ’ ಮಾಡಿ ಅದೇ ಚಿಹ್ನೆಗೆ ಕಟ್ಟಿಹಾಕಿದವು. ಹೊರಗಿನಿಂದ ಕರೆಂಟು ಕೊಟ್ಟು ಮಾಡುವ ವಿದ್ಯುದ್ವಿಭಜನೆಯಲ್ಲಿ ಅದು ಸರಿ. ಗೀಸರಿನೊಳಗೆ ತಪ್ಪು: ಅಲ್ಲಿ ತಾನಾಗಿ ಸವೆಯುವ ಮೆಗ್ನೀಸಿಯಂ ರಾಡು ಆನೋಡೇ ಹೌದು, ಆದರೆ ಅದು ಋಣ ತುದಿ. ಧನಾಗ್ರ ಎಂದು ಕಲಿತು ಬಂದ ಐಟಿಐ ಹುಡುಗ ಈ ರಾಡನ್ನು ನೋಡಿ ಗೊಂದಲಗೊಂಡರೆ ಅದು ಅವನ ಕೊರತೆ ಅಲ್ಲ. ಕನ್ನಡದಲ್ಲಿ ಮೂಡು, ಪಡು ಎಂಬ ಜೋಡಿ ಸಾವಿರ ವರ್ಷದಿಂದ ಇದೆ. ಫ್ಯಾರಡೆ ಮನಸ್ಸಿನಲ್ಲಿ ಕಂಡದ್ದನ್ನು ಅದು ಇದ್ದ ಹಾಗೇ ಹೇಳುತ್ತದೆ. ‘ಮೂಡುತುದಿ’, ‘ಪಡುತುದಿ’ ಎಂದಿದ್ದರೆ ಪದವೂ ನಮ್ಮದಾಗುತ್ತಿತ್ತು, ವಿಜ್ಞಾನವೂ ಕೆಡುತ್ತಿರಲಿಲ್ಲ. ತಡವಾಗಿಲ್ಲ, ಈಗಲೂ ಬಳಸಬಹುದು ಎನ್ನುವುದು ನನ್ನ ಬೇಡಿಕೆ.

ಬಚ್ಚಲ ಹಂಡೆ ಇದ್ದ ಕಾಲಕ್ಕೆ ಈ ಯಾವ ಪದವೂ ಬೇಕಿರಲಿಲ್ಲ. ದಪ್ಪ ತಾಮ್ರ, ತೆರೆದ ಬಾಯಿ. ಒಳಗೆ ಕಿಲುಬಿದ್ದರೆ ಕಣ್ಣಿಗೆ ಕಾಣುತ್ತಿತ್ತು, ಕೈ ಹಾಕಿ ತಿಕ್ಕುತ್ತಿದ್ದರು. ಗೀಸರಿನ ಟ್ಯಾಂಕು ಮುಚ್ಚಿದ ಉಕ್ಕಿನದು. ಒಳಗೆ ಗಾಜಿನಂಥ ಲೇಪ ಇರುತ್ತದೆ, ಆದರೆ ಅದರಲ್ಲಿ ಸೂಜಿಮೊನೆಯಷ್ಟು ತೂತುಗಳು ಇದ್ದೇ ಇರುತ್ತವೆ. ಅನೇಕ ಗೀಸರುಗಳಲ್ಲಿ ನೀರು ಕಾಯಿಸುವ ಕಾಯಿಲ್ ತಾಮ್ರದ್ದು. ಅಂದರೆ ಕಿಲುಬಿನ ಲೋಹವೂ ತುಕ್ಕಿನ ಲೋಹವೂ ಒಂದೇ ಬಿಸಿನೀರಿನಲ್ಲಿ ಮುಳುಗಿವೆ. ವೋಲ್ಟಿನ ಪಟ್ಟಿಯಲ್ಲಿ ಇವೆರಡಕ್ಕಿಂತ ಕೆಳಗಿರುವ ಮೂರನೆಯದೊಂದು ಲೋಹ ಇಲ್ಲದಿದ್ದರೆ ಸ್ವಾತಂತ್ರ್ಯ ದೇವಿಯ ಒಳಗಾದದ್ದೇ ಇಲ್ಲೂ ಆಗುತ್ತದೆ. ಆ ಮೂರನೆಯದು ನಡುವೆ ಉಕ್ಕಿನ ತಂತಿ ಇಟ್ಟು ಸುತ್ತ ಎರಕ ಹೊಯ್ದ ಮೆಗ್ನೀಸಿಯಂ ರಾಡು. ಮನೆಯ ಮೇಲಿನ ಸೋಲಾರ್ ಟ್ಯಾಂಕುಗಳಲ್ಲೂ ಇರುತ್ತದೆ.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಅಷ್ಟು ಆಳದ ನೀರು ಕಲ್ಲಿನೊಳಗಿನ ಲವಣಗಳನ್ನೆಲ್ಲ ಕರಗಿಸಿಕೊಂಡು ಬರುತ್ತದೆ. ಜನ ಅದನ್ನು ಉಪ್ಪುನೀರು, ಗಡಸು ನೀರು ಎನ್ನುತ್ತಾರೆ. ಲವಣ ಹೆಚ್ಚಿದಷ್ಟೂ ನೀರು ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತದೆ, ರಾಡು ಅಷ್ಟೇ ಬೇಗ ಸವೆಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಒಪ್ಪುತ್ತದೆ, ಬೇರೆ ನೀರಿಲ್ಲದಿದ್ದರೆ 600ರವರೆಗೆ. ಆ ಮೇಲಿನ ಅಂಚಿನ ನೀರು ಬಳಸುವ ಮನೆಯಲ್ಲಿ ರಾಡನ್ನು ವರ್ಷಕ್ಕೊಮ್ಮೆ ತೆಗೆದು ನೋಡಲೇಬೇಕು.

ಕೆಲಸ ಕಷ್ಟದ್ದಲ್ಲ, ಎಚ್ಚರ ಬೇಕು. ಸ್ವಿಚ್ ಆರಿಸಿದರೆ ಸಾಲದು, ಎಂಸಿಬಿಯನ್ನೇ ಕೆಳಗಿಳಿಸಬೇಕು. ನೀರು ಆರಲಿ. ಒಳಬರುವ ನೀರಿನ ವಾಲ್ವ್ ಕಟ್ಟಿ ಟ್ಯಾಂಕು ಪೂರ್ತಿ ಖಾಲಿ ಮಾಡಬೇಕು. ನಮ್ಮಲ್ಲಿ ಗೋಡೆಗೆ ನೇತುಹಾಕುವ ಗೀಸರುಗಳಲ್ಲಿ ಸಾಮಾನ್ಯವಾಗಿ ರಾಡು ಇರುವುದು ತಳದಲ್ಲಿ, ಕಾಯಿಲ್ ಹಿಡಿದಿರುವ ಬಿಲ್ಲೆಗೇ ತಿರುಪಾಗಿ. ವೈರುಗಳ ಜಾಗ ಗುರುತಿಟ್ಟು ಬಿಚ್ಚಿ, ಬಿಲ್ಲೆಯ ನಟ್ಟುಗಳನ್ನು ತೆಗೆದರೆ ಕಾಯಿಲೂ ರಾಡೂ ಒಟ್ಟಿಗೆ ಕೆಳಗಿಳಿಯುತ್ತವೆ. ಹಳೆಯ ವಾಷರ್ ಮತ್ತೆ ಹಾಕಬಾರದು. ಹೊಸ ರಾಡು ಬಿಲ್ಲೆಗೆ ಲೋಹಕ್ಕೆ ಲೋಹ ತಾಗುವ ಹಾಗೆ ಬಿಗಿಯಾಗಿ ಕೂರಬೇಕು. ನಡುವೆ ಕೊಳೆಯೋ ಟೇಪೋ ಬಂದು ಆ ಸಂಪರ್ಕ ತಪ್ಪಿದರೆ ರಾಡು ಇದ್ದೂ ಇಲ್ಲದಂತೆ. ಮತ್ತೆ ನೀರು ತುಂಬಿ, ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದೆ ಧಾರೆ ಬಂದ ಮೇಲೆಯೇ ಕರೆಂಟು. ವೈರಿನ ಕೆಲಸ ಗೊತ್ತಿಲ್ಲದವರು ಗೊತ್ತಿರುವವರನ್ನೇ ಕರೆಸಬೇಕು, ಪಕ್ಕದಲ್ಲಿ ನಿಂತು ರಾಡನ್ನು ತಮ್ಮ ಕಣ್ಣಿಂದ ನೋಡಬೇಕು.

ಬಿಚ್ಚಿದಾಗ ಕಾಣುವುದು ಮೂರು ಬಣ್ಣ. ಕಾಯಿಲಿನ ತಾಮ್ರದ ಬುಡದಲ್ಲಿ ಹಸಿರು, ಅದು ಕಿಲುಬು. ಬಿಲ್ಲೆಯ ಅಂಚಿನಲ್ಲಿ ಕೆಂಗಂದು, ತುಕ್ಕು. ರಾಡಿನ ಮೇಲೆ ಬಿಳಿ. ಇದಕ್ಕೆ ಕನ್ನಡದಲ್ಲಿ ಇನ್ನೂ ಹೆಸರು ಹುಟ್ಟಿಲ್ಲ, “ಉಪ್ಪು ಕಟ್ಟೈತೆ” ಎನ್ನುತ್ತಾರೆ. ಆ ಒಂದು ಮಾತಿನೊಳಗೆ ಎರಡು ಬೇರೆ ವಸ್ತುಗಳು ಸೇರಿಹೋಗಿವೆ. ಕಾಯಿಲಿನ ಮೇಲಿನ ಬಿಳಿ ನೀರಿನಿಂದ ಬಂದ ಸುಣ್ಣ, ಗಟ್ಟಿಯಾಗಿ ಚಕ್ಕೆಯಾಗಿ ಏಳುತ್ತದೆ. ರಾಡಿನ ಮೇಲಿನ ಬಿಳಿಯಲ್ಲಿ ಆ ಸುಣ್ಣದ ಜೊತೆ ಮೆಗ್ನೀಸಿಯಮ್ಮೇ ಸವೆದು ಆದ ಹೈಡ್ರಾಕ್ಸೈಡ್ ಇರುತ್ತದೆ. ಅದು ಮೆಗ್ನೀಸಿಯಮ್ಮಿನ ಕಿಲುಬು ಎನ್ನಬಹುದು. ಬಿಳಿಯನ್ನು ನೋಡಿ ರಾಡು ಹೋಯಿತೆಂದು ಎಸೆಯಬಾರದು, ಬಿಳಿಯ ದಪ್ಪ ನೋಡಿ ರಾಡು ಇದೆಯೆಂದು ನಂಬಲೂಬಾರದು. ಸ್ಕ್ರೂಡ್ರೈವರಿನಿಂದ ಕೆರೆದು ನೋಡಬೇಕು. ಕೆಳಗೆ ಬೂದು ಲೋಹ ಅರ್ಧಕ್ಕಿಂತ ಹೆಚ್ಚು ದಪ್ಪ ಉಳಿದಿದ್ದರೆ ಒರೆಸಿ ಮತ್ತೆ ಹಾಕಬಹುದು. ಅದಕ್ಕಿಂತ ತೆಳ್ಳಗಾಗಿದ್ದರೆ, ಇಲ್ಲವೇ ಎಲ್ಲಿಯಾದರೂ ಒಳಗಿನ ತಂತಿ ಕಾಣಿಸಿದರೆ, ಅವತ್ತೇ ಹೊಸದು ಹಾಕಬೇಕು.